ಗಂಗಾವತಿಯ ಒಂಟಿ ಗಾಲಿ ಗುಂಪು: ಜೂನ್‌ನಿಂದ ನವೆಂಬರ್

ಬೇಸಿಗೆ ಬೆಳೆಯ ಭತ್ತವೆಲ್ಲ ಸಾಗಿದ ಮೇಲೆ ಊರ ಹೊರಗಿನ ಒಂದು ರೈಸ್ ಮಿಲ್‌ನ ಕಣ ನಮ್ಮ ಯುನಿಸೈಕಲ್ (ಒಂದೇ ಗಾಲಿಯ ಸೈಕಲ್) ಗುಂಪಿಗೆ ಸಿಕ್ಕಿತು. ಭತ್ತ ಒಣಗಿಸಲು ಹಾಕಿದ ಸಿಮೆಂಟ್ ನೆಲ. ಇಷ್ಟು ನುಣುಪಾದ, ಇಷ್ಟು ಅಗಲದ ಜಾಗ ಗಂಗಾವತಿಯಲ್ಲಿ ನಾವು ಬೇರೆಲ್ಲೂ ಕಂಡಿಲ್ಲ. ಮಾಲೀಕರ ಷರತ್ತು ಎರಡೇ: ಹೋಗುವ ಮುಂಚೆ ಗುಡಿಸಬೇಕು, ಚೈನಿನ ಆಯಿಲ್ ಬೀಳಬಾರದು. ಯುನಿಸೈಕಲ್‌ಗೆ ಚೈನೇ ಇರುವುದಿಲ್ಲ ಎಂದಾಗ ನಕ್ಕು ಒಪ್ಪಿದರು.

ಜೂನ್

ಹೊಸಬರೆಲ್ಲ ಮಿಲ್‌ನ ಕಾಂಪೌಂಡ್ ಗೋಡೆ ಹಿಡಿದರು. ಭಾರ ಸೀಟಿನ ಮೇಲಿರಬೇಕು, ಪೆಡಲ್ ಮೇಲಲ್ಲ. ಹೇಳುವುದು ಸುಲಭ. ಹೆದರಿದ ಕಾಲು ಪೆಡಲನ್ನು ಒತ್ತಿಯೇ ಒತ್ತುತ್ತದೆ. ಗಾಲಿ ಮುಂದೆ ಓಡುತ್ತದೆ, ಸವಾರ ಹಿಂದೆ ಉಳಿಯುತ್ತಾನೆ. ಪೆಡಲ್ ನೇರ ಗಾಲಿಗೇ ಕೂತಿರುವುದರಿಂದ ಕಾಲಿಗೆ ಬಿಡುವು ಅನ್ನುವುದೇ ಇಲ್ಲ. ಕಾಲು ನಿಂತರೆ ಗಾಲಿಯೂ ನಿಲ್ಲುತ್ತದೆ.

ಹೊಸ ಗಾಡಿ ತರಿಸಿದವರಿಗೆ ಒಂದು ಮಾತು. ಪೆಡಲನ್ನು ಗಾಲಿಗೆ ಜೋಡಿಸುವ ಕ್ರ್ಯಾಂಕ್ ಮೇಲೆ ಎಲ್, ಆರ್ ಅಂತ ಇರುತ್ತದೆ, ಎಲ್ ಎಡಕ್ಕೆ, ಆರ್ ಬಲಕ್ಕೆ ಬರುವಂತೆ ನೋಡಿಕೊಂಡು ಸೀಟು ಕೂರಿಸಿ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ಹಿಂದುಮುಂದಾಗಿ ಓಡಿಸಿದರೆ ಪೆಡಲ್ ತಾನಾಗೇ ಸಡಿಲವಾಗಿ ಕಳಚಿ ಬೀಳುತ್ತದೆ. ಸೀಟಿನ ಎತ್ತರ, ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗುವಷ್ಟು.

ಜುಲೈ

ಬೇಜಾರಿನ ತಿಂಗಳು. ಗೋಡೆ ಬಿಟ್ಟವರಿಗೆ ಐಡ್ಲಿಂಗ್ ಹೇಳಿಕೊಟ್ಟೆವು. ಅಂದರೆ ನಿಂತಲ್ಲೇ ಗಾಲಿಯನ್ನು ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ ಆಡಿಸುವುದು. ಒಂದು ಪೆಡಲ್ ಕೆಳಗೆ, ಕೆಲಸವೆಲ್ಲ ಆ ಕಾಲಿನದು. ಮೇಲಿನ ಕಾಲು ಸುಮ್ನೆ ದಾರಿ ತೋರಿಸುವುದಕ್ಕೆ. ಸಿಗ್ನಲ್‌ನಲ್ಲಿ ಕಾಯುವ ಆಟೋ ಇದ್ದ ಹಾಗೆ: ಎಲ್ಲಿಗೂ ಹೋಗುವುದಿಲ್ಲ, ಎಂಜಿನ್ ಮಾತ್ರ ಬಂದ್ ಆಗುವುದಿಲ್ಲ. ಕಲಿಯದೆ ಬೇರೆ ದಾರಿಯಿಲ್ಲ, ಆದರೆ ಯಾರಿಗೂ ಇಷ್ಟವಿಲ್ಲ. ಎಷ್ಟು ಹೇಳಿದರೂ ನಾಲ್ಕು ಸಲ ಮಾಡಿ ಎಲ್ಲರೂ ಮತ್ತೆ ಕಣ ಸುತ್ತುತ್ತಿದ್ದರು.

ನಮ್ಮಲ್ಲಿ ಒಬ್ಬರು ಮೇಷ್ಟ್ರಿದ್ದಾರೆ. ಅವರು ನಿಧಾನ ಸೈಕಲ್ ಸ್ಪರ್ಧೆ ಇಡೋಣ ಎಂದರು. ಶಾಲೆಯಲ್ಲಿ ನಾವೆಲ್ಲ ಆಡಿದ್ದೇ ಅಲ್ವಾ, ಕೊನೆಗೆ ಬಂದವನೇ ಗೆದ್ದ! ಯುನಿಸೈಕಲ್‌ನ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲೂ ಇದಿದೆ. 10 ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಹಲಗೆ. ನಿಲ್ಲುವಂತಿಲ್ಲ, ಹಿಂದೆ ಬರುವಂತಿಲ್ಲ. ನಾವು ಹಲಗೆಯ ಬದಲು ಸೀಮೆಸುಣ್ಣದ ಎರಡು ಗೆರೆ ಎಳೆದೆವು. ಒಂದಷ್ಟು ದಿನ ಮಜಾ ಇತ್ತು, ಆಮೇಲೆ ಅದೂ ಹಳತಾಯಿತು.

ಆಗಸ್ಟ್

ಹಾಕಿ ಶುರು. ನಿಜ ಹೇಳಬೇಕೆಂದರೆ ನಮ್ಮ ಗುಂಪು ಗುಂಪಾಗಿದ್ದೇ ಈಗ.

ಯುನಿಸೈಕಲ್ ಹಾಕಿಯಲ್ಲಿ ತಂಡಕ್ಕೆ 5 ಜನ. ಗಾಲಿ 24 ಇಂಚಿಗಿಂತ ದೊಡ್ಡದಿರಬಾರದು. ಚೆಂಡು ಟೆನಿಸ್ ಚೆಂಡೇ, ಆದರೆ ಸತ್ತ ಚೆಂಡು. ಎತ್ತಿ ಬಿಟ್ಟರೆ ಬಿಟ್ಟ ಎತ್ತರದ ಅರ್ಧಕ್ಕಿಂತ ಜಾಸ್ತಿ ಪುಟಿಯಬಾರದು. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಇಂಥ ಚೆಂಡಿಗೇನೂ ಬರವಿಲ್ಲ, ಖರ್ಚು ಸೊನ್ನೆ. ಕೋಲು ಮಾತ್ರ ಕಷ್ಟ. ಹೊರದೇಶಗಳಲ್ಲಿ ಐಸ್ ಹಾಕಿಯ ಕೋಲಿನಲ್ಲಿ ಆಡುತ್ತಾರೆ, ಅದನ್ನು ಇಲ್ಲಿ ಎಲ್ಲಿಂದ ತರುವುದು? ಪರಿಚಯದ ಬಡಿಗೇರರೊಬ್ಬರು ಬಿದಿರಿಗೆ ಪ್ಲೈವುಡ್ ಕೂರಿಸಿ ಕೊಟ್ಟರು. ತುದಿ ಸೀಳದಂತೆ ಬಟ್ಟೆ ಟೇಪ್ ಸುತ್ತಿದ್ದೇವೆ. ವಾರಕ್ಕೊಂದು ಮುರಿಯುತ್ತದೆ, ಮುರಿಯಲಿ ಬಿಡಿ.

ಈ ಆಟದ ಎರಡು ನಿಯಮ ನನಗೆ ಬಹಳ ಇಷ್ಟ. ಒಂದು, ನೆಲಕ್ಕೆ ಕಾಲಿಟ್ಟವರು ಚೆಂಡು ಮುಟ್ಟುವಂತಿಲ್ಲ. ಮತ್ತೆ ಹತ್ತಿಯೇ ಆಡಬೇಕು. ಇನ್ನೊಂದು, ನಿಮ್ಮ ಕೋಲು ಇನ್ನೊಬ್ಬರ ಗಾಲಿಯ ಕೆಳಗೆ ಹೋದರೆ ತಪ್ಪು ನಿಮ್ಮದೇ, ಬೇಕಂತ ಮಾಡಿದ್ದಲ್ಲ ಅಂದರೂ ಕೇಳುವವರಿಲ್ಲ. ಈ ಎರಡನೆಯದು ಇಲ್ಲದಿದ್ದರೆ ನಮ್ಮ ಹುಡುಗರು ಒಂದೇ ಸಂಜೆಗೆ ಆಸ್ಪತ್ರೆ ಸೇರುತ್ತಿದ್ದರು.

ಮೊದಲನೆಯ ನಿಯಮ ಮಾಡಿದ ಕೆಲಸ ನೋಡಿ. ಗೋಡೆ ಹಿಡಿಯದೆ ಹತ್ತುವುದನ್ನು ಜುಲೈ ಪೂರ್ತಿ ಗೋಗರೆದರೂ ಕಲಿಯದವರು ಆಗಸ್ಟ್‌ನಲ್ಲಿ ಕಲಿತುಬಿಟ್ಟರು. ತಾನು ಕೆಳಗಿದ್ದಷ್ಟು ಹೊತ್ತು ತಂಡದಲ್ಲಿ ಒಬ್ಬ ಕಡಿಮೆ. ಆ ಕಡೆಯವರು ಗೋಲು ಹೊಡೆಯುತ್ತಿದ್ದಾರೆ. ಇನ್ನು ಹೆದರಿಕೆಗೆ ಪುರುಸೊತ್ತೆಲ್ಲಿ? ಯಾರಿಗೂ ಬೇಡವಾಗಿದ್ದ ಐಡ್ಲಿಂಗ್ ಕೂಡ ಬಂತು, ಏಕೆಂದರೆ ಪಾಸ್‌ಗೆ ಕಾಯುವಾಗ ನಿಂತಲ್ಲೇ ಇರಬೇಕಲ್ಲ. ಕೈಯಲ್ಲಿ ಕೋಲಿದ್ದರೆ ಎರಡು ಕೈ ಗಾಳಿಯಲ್ಲಿ ಬೀಸಿ ಸಮತೋಲ ಹಿಡಿಯುವ ಚಟವೂ ಹೋಗುತ್ತದೆ. ಹಾಗಾಗಿ ಹೊಸ ಗುಂಪು ಕಟ್ಟುವವರಿಗೆ ನಾನು ಹೇಳುವುದಿಷ್ಟೇ: ಹತ್ತು ಮೀಟರ್ ಬೀಳದೆ ಹೋಗುವವರ ಕೈಗೆ ಕೋಲು ಕೊಟ್ಟುಬಿಡಿ. ಪಾಠ ಆಮೇಲೆ.

ಸೆಪ್ಟೆಂಬರ್, ಅಕ್ಟೋಬರ್

ಓಡಿಸುವುದು ಬಂದ ಮೇಲೆ ಒಬ್ಬೊಬ್ಬರ ರುಚಿ ಒಂದೊಂದು ದಿಕ್ಕಿಗೆ ಹೋಯಿತು.

ಕಾಲೇಜಿನ ಇಬ್ಬರು ಹುಡುಗರು ಟ್ರಯಲ್ಸ್ ಹಿಡಿದರು. ದಪ್ಪ ಟೈರಿನ ಸಣ್ಣ ಗಾಲಿ, ಸೀಟು ಕೈಯಲ್ಲಿ ಹಿಡಿದು ಅಡ್ಡ ಬಂದದ್ದರ ಮೇಲೆ ನೆಗೆಯುವುದು. ಅವರನ್ನು ಸಾಣಾಪುರದ ಕಡೆ ಕರೆದೊಯ್ದೆವು. ಆನೆಗೊಂದಿ ದಾಟಿದರೆ ದಾರಿಯುದ್ದಕ್ಕೂ ಗ್ರಾನೈಟ್ ಬಂಡೆ. ಆ ಒರಟು ಮೈ ಮೇಲೆ ಟೈರ್ ಹಾಗೇ ಕಚ್ಚಿಕೊಳ್ಳುತ್ತದೆ. ಮಳೆ ಬಿದ್ದ ದಿನ ಮಾತ್ರ ಹತ್ತಲೇಬೇಡಿ, ಪಾಚಿ ಇರುತ್ತದೆ. ಶಾಸನ, ಮಂಟಪ ಇರುವ ಕಡೆ ಗಾಲಿ ಇಳಿಸುವುದಿಲ್ಲ ಅಂತ ಮೊದಲೇ ಮಾತಾಗಿದೆ.

ಒಬ್ಬಳು ಹುಡುಗಿ ಫ್ರೀಸ್ಟೈಲ್, ಅಂದರೆ ಗಾಲಿಯ ಮೇಲಿನ ಕಸರತ್ತು. ಪೆಡಲ್ ಬಿಟ್ಟು ಟೈರನ್ನೇ ಪಾದದಿಂದ ತಳ್ಳುತ್ತಾ ಹೋಗುವ ವೀಲ್ ವಾಕ್ ಅವಳಿಗೆ ಈಗ ಕಣದ ಅರ್ಧದವರೆಗೆ ಬರುತ್ತಿದೆ. ನೋಡಲು ಇದಕ್ಕಿಂತ ಚೆಂದದ್ದು ಈ ಆಟದಲ್ಲಿ ಇನ್ನೊಂದಿಲ್ಲ.

ಟೈರ್ ಅಂಗಡಿಯ ಗೆಳೆಯನೊಬ್ಬ ಎಲ್ಲಿಂದಲೋ 36 ಇಂಚಿನ ಗಾಡಿ ತಂದ. ಒಂದು ಸುತ್ತಿಗೆ ಸುಮಾರು 2.9 ಮೀಟರ್ ಹೋಗುತ್ತದೆ, 20 ಇಂಚಿನದು ಬರೀ 1.6. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ದಾರಿಯಲ್ಲಿ, ನೀರಿನ ಜೊತೆಗೇ, ಅವನೊಬ್ಬನೇ ದೂರ ದೂರ ಹೋಗುತ್ತಾನೆ. ನನಗೆ ಇದರಲ್ಲಿ ಆಸಕ್ತಿ ಕಡಿಮೆ, ಕಾಲುನೋವು ಜಾಸ್ತಿ. ಆ ದಾರಿಯ ನಿಜವಾದ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಟೈರ್ ಅಂಗಡಿಯವನಿಗೇ ಪಂಕ್ಚರ್ ಆದಾಗ ನಾವೆಲ್ಲ ಸ್ವಲ್ಪ ಜಾಸ್ತಿಯೇ ನಕ್ಕೆವು. 36 ಇಂಚಿನ ಟ್ಯೂಬ್ ಊರಲ್ಲಿ ಸಿಗುವುದಿಲ್ಲ, ಪ್ಯಾಚ್ ಹಾಕಿ ಹಾಕಿ ಓಡಿಸುತ್ತಿದ್ದಾನೆ.

ನವೆಂಬರ್

ಕಟಾವು ಶುರುವಾಗಿದೆ. ಕಣ ತುಂಬಾ ಸೋನಾ ಮಸೂರಿ, ನಮಗೆ ಜಾಗವಿಲ್ಲ. ಎಷ್ಟೋ ಕಡೆ ರಸ್ತೆಯ ಅರ್ಧಕ್ಕೂ ಭತ್ತ ಹರಡಿದ್ದಾರೆ, ಅದರ ಮೇಲೆ ಒಂಟಿ ಗಾಲಿ ಇಟ್ಟರೆ ಜಾರಿದ್ದೇ. ರೈತರಿಗೂ ಸಿಟ್ಟು ಬರುತ್ತದೆ, ಬರಬೇಕಾದ್ದೇ.

ಮೇಷ್ಟ್ರು ಒಂದು ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳ ಕೇಳಿದ್ದಾರೆ. ಭಾನುವಾರ ಬೆಳಿಗ್ಗೆ ಕೊಡಬಹುದು ಅನ್ನುತ್ತಿದ್ದಾರೆ. ಹಾಕಿಗೆ ಇಕ್ಕಟ್ಟು, ಹಾಗಾಗಿ ತಂಡಕ್ಕೆ ಮೂವರಂತೆ ಆಡಿ ನೋಡುತ್ತೇವೆ. ಇಲ್ಲಿಯವರೆಗೆ ಗೋಲಿಗೆ ಎರಡು ಚಪ್ಪಲಿ ಇಡುತ್ತಿದ್ದೆವು. ಈ ಸಲ ಪಿವಿಸಿ ಪೈಪ್ ತಂದು ಸರಿಯಾದ ಅಳತೆಗೆ, 1.8 ಮೀಟರ್ ಅಗಲ, 1.2 ಮೀಟರ್ ಎತ್ತರ, ಕಟ್ಟುತ್ತಿದ್ದೇವೆ. ಬಲೆಗೆ ತುಂಗಭದ್ರೆಯ ಮೀನುಗಾರರೊಬ್ಬರ ಹಳೇ ಬಲೆ ಕೇಳಿಟ್ಟಿದ್ದೇವೆ.