ಎಷ್ಟು ಕಳೆದುಕೊಳ್ಳಬಲ್ಲೆ ಎಂಬ ಪ್ರಶ್ನೆ

14 ಜುಲೈ 2024, ಭಾನುವಾರ

ಹೊಸ ಉದ್ಯಮಿಗಳಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರವೊಂದಕ್ಕೆ ಈ ವಾರ ಹೋಗಿದ್ದೆ. ವೇದಿಕೆ ಏರಿದವರೆಲ್ಲರದ್ದೂ ಒಂದೇ ರಾಗ. ಎದೆಗಾರಿಕೆ ಬೇಕು, ಇರುವುದನ್ನೆಲ್ಲ ಪಣಕ್ಕಿಡುವ ಛಾತಿ ಬೇಕು, ಕೈಯಲ್ಲಿರುವ ಕೆಲಸ ಬಿಟ್ಟು ಧುಮುಕಬೇಕು, ಹೆದರುವವನು ಉದ್ಯಮಿಯಾಗಲಾರ! ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತೈದು ದಾಟದವರು. ಅವರು ತಲೆದೂಗುತ್ತಿದ್ದ ರೀತಿ ನೋಡಿ ನನಗೆ ಸಂಕಟವಾಯಿತು. ಈ ಮಾತು ಕೇಳುವುದಕ್ಕೆ ಹುರುಪು ಕೊಡುತ್ತದೆ ನಿಜ, ಆದರೆ ಗೆದ್ದ ಉದ್ಯಮಿಗಳನ್ನು ಹತ್ತಿರದಿಂದ ಅಭ್ಯಾಸ ಮಾಡಿದವರು ಕಂಡದ್ದು ಇದಲ್ಲ. ಇಂದು ರಜೆಯಾದ್ದರಿಂದ ಹಳೆಯ ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು ಕುಳಿತೆ.

ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಉಂಗುರದಾಟದ ಪ್ರಯೋಗ ನನಗೆ ಬಹಳ ಇಷ್ಟ. ದೂರದ ಗೂಟಕ್ಕೆ ಉಂಗುರ ಎಸೆಯಬೇಕು, ಎಲ್ಲಿ ನಿಂತು ಎಸೆಯಬೇಕೆಂಬುದು ಎಸೆಯುವವರಿಗೇ ಬಿಟ್ಟದ್ದು. ಸಾಧನೆಯ ಹಂಬಲ ಹೆಚ್ಚಾಗಿದ್ದವರು ಗೂಟದ ಪಕ್ಕದಲ್ಲೂ ನಿಲ್ಲಲಿಲ್ಲ, ಅದೃಷ್ಟವಿದ್ದರಷ್ಟೇ ಬೀಳುವಷ್ಟು ದೂರಕ್ಕೂ ಹೋಗಲಿಲ್ಲ. ಕಷ್ಟವಾದರೂ ತಮ್ಮ ಕೈಚಳಕದಿಂದ ಸಾಧ್ಯ ಎನ್ನಿಸುವ ನಡುವಿನ ಜಾಗವನ್ನು ಆರಿಸಿಕೊಂಡರು. ಫಲಿತಾಂಶ ತಮ್ಮ ಪ್ರಯತ್ನಕ್ಕೆ ಸೇರಿದ್ದಾಗಿರಬೇಕು ಎಂಬ ಹಟ ಅದು, ಜೂಜುಗಾರನ ಸ್ವಭಾವಕ್ಕೆ ಪೂರ್ತಿ ವಿರುದ್ಧ. ಈ ಗುಣ ಹುಟ್ಟಿನಿಂದಲೇ ಬರಬೇಕಾದದ್ದು ಎಂದೂ ಅವರು ಒಪ್ಪಲಿಲ್ಲ. 1960ರ ದಶಕದಲ್ಲಿ ಕಾಕಿನಾಡದ ಸಣ್ಣ ವ್ಯಾಪಾರಸ್ಥರಿಗೆ ತರಬೇತಿ ಕೊಡಿಸಿ, ಆಮೇಲೆ ಅವರು ಮೊದಲಿಗಿಂತ ಚುರುಕಾಗಿ ವ್ಯವಹಾರ ವಿಸ್ತರಿಸಿದ್ದನ್ನು ದಾಖಲಿಸಿದರು.

ನನ್ನ ಯೋಚನೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬದಲಿಸಿದ್ದು ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿ ಅವರ ಅಧ್ಯಯನ. 1997ರಲ್ಲಿ ಅವರು ಕಂಪನಿಗಳನ್ನು ಕಟ್ಟಿ ಬೆಳೆಸಿದ 27 ಅನುಭವಿ ಉದ್ಯಮಿಗಳನ್ನು ಭೇಟಿಯಾದರು. ಕಾಲ್ಪನಿಕ ಉತ್ಪನ್ನವೊಂದನ್ನು ಅವರ ಮುಂದಿಟ್ಟು, ಇದರಿಂದ ಉದ್ಯಮ ಕಟ್ಟುವುದು ಹೇಗೆಂದು ಯೋಚಿಸುತ್ತಾ, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎಂದರು. ಹೆಚ್ಚಿನವರು ಮಾರುಕಟ್ಟೆಯ ಮುನ್ನಂದಾಜುಗಳನ್ನು ನಂಬಲಿಲ್ಲ. ಎಷ್ಟು ಲಾಭ ಬಂದೀತು ಎಂದೂ ಮೊದಲು ಕೇಳಲಿಲ್ಲ. ನಾನು ಯಾರು, ನನಗೆ ಏನು ಗೊತ್ತು, ನನಗೆ ಯಾರ ಪರಿಚಯವಿದೆ ಎಂಬಲ್ಲಿಂದ ಹೊರಟರು. ಆಮೇಲೆ ಕೇಳಿಕೊಂಡ ಪ್ರಶ್ನೆ, ಇದು ಕೈಕೊಟ್ಟರೆ ಎಷ್ಟನ್ನು ಕಳೆದುಕೊಂಡು ನಾನು ಎದ್ದು ನಿಲ್ಲಬಲ್ಲೆ ಎಂಬುದು.

ಇದು ಅಂಜುಬುರುಕತನವಲ್ಲ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಒಂದು ವ್ಯತ್ಯಾಸವನ್ನು ಗುರುತಿಸಿದ್ದರು. ದಾಳ ಉರುಳಿಸಿದಾಗ ಆರು ಬೀಳುವ ಸಾಧ್ಯತೆಯನ್ನು ಲೆಕ್ಕ ಹಾಕಬಹುದು. ಯಾರೂ ಕಂಡಿರದ ವಸ್ತುವನ್ನು ಜನ ಕೊಳ್ಳುತ್ತಾರೆಯೇ ಎಂಬುದಕ್ಕೆ ಅಂಥ ಲೆಕ್ಕವೇ ಇಲ್ಲ. ಉದ್ಯಮಿ ಕೆಲಸ ಮಾಡುವುದು ಈ ಎರಡನೆಯ ಬಗೆಯ ಕತ್ತಲಲ್ಲಿ. ಬರುವ ಲಾಭ ಯಾರಿಗೂ ಗೊತ್ತಿಲ್ಲದಿರುವಾಗ, ಹೋಗುವ ನಷ್ಟಕ್ಕಾದರೂ ಗಡಿ ಹಾಕಿಕೊಳ್ಳಬಹುದು. ಹಾಗೆ ಗಡಿ ಹಾಕಿಕೊಂಡವನು ಸೋತ ಮೇಲೂ ಇನ್ನೊಂದು ಪ್ರಯತ್ನಕ್ಕೆ ಉಳಿದುಕೊಂಡಿರುತ್ತಾನೆ.

ಹೀಗೆ ಬರೆಯುತ್ತಿರುವಾಗಲೇ ತಂಗಿಯ ಮಗಳು ಫೋನ್ ಮಾಡಿದಳು. ಗೆಳತಿಯೊಬ್ಬಳ ಜೊತೆ ಸೇರಿ ಸಾಫ್ಟ್‌ವೇರ್ ಉದ್ಯಮ ಆರಂಭಿಸುವ ಯೋಚನೆ ಅವಳದು. "ದೊಡ್ಡಮ್ಮ, ಕೆಲಸದಲ್ಲಿದ್ದುಕೊಂಡೇ ಶುರು ಮಾಡುತ್ತೇನೆ ಎಂದರೆ, ನಿನಗೆ ಬದ್ಧತೆ ಇಲ್ಲ ಎನ್ನುತ್ತಾರೆ" ಎಂದಳು. ಧ್ವನಿಯಲ್ಲಿ ಅಳು ಇತ್ತು. ನಾನು ಅವಳಿಗೆ ಫಿಲ್ ನೈಟ್ ಕಥೆ ಹೇಳಿದೆ. ಮುಂದೆ ನೈಕಿ ಎಂಬ ಹೆಸರು ಪಡೆದ ಕಂಪನಿಯನ್ನು 1964ರಲ್ಲಿ ಆರಂಭಿಸಿದ ಅವರು, 1969ರವರೆಗೆ ಬೇರೆ ಕೆಲಸದ ಸಂಬಳದಲ್ಲೇ ಬದುಕಿದರು. ಆಪಲ್ ಆರಂಭವಾದ ಮೇಲೂ ಸ್ಟೀವ್ ವೋಜ್ನಿಯಾಕ್ ಕೆಲವು ತಿಂಗಳು ಹ್ಯೂಲೆಟ್ ಪ್ಯಾಕರ್ಡ್‌ನ ಉದ್ಯೋಗ ಬಿಟ್ಟಿರಲಿಲ್ಲ. ಅಮೆರಿಕದಲ್ಲಿ ಉದ್ಯಮಕ್ಕೆ ಇಳಿದವರ ಮಾಹಿತಿಯನ್ನು ಪರಿಶೀಲಿಸಿ ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಕೆಲಸದಲ್ಲಿದ್ದುಕೊಂಡು ಆರಂಭಿಸಿ ಆಮೇಲೆ ಪೂರ್ಣಾವಧಿಗೆ ಬಂದವರ ಉದ್ಯಮ ನಿಂತುಹೋಗುವ ಸಾಧ್ಯತೆ, ಮೊದಲೇ ಕೆಲಸ ಬಿಟ್ಟವರಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ನಡುವಿನ ಆ ಅವಧಿಯಲ್ಲಿ ಅವರು ಕಲಿಯುತ್ತಾರೆ, ಸಾಗದ ಯೋಜನೆಗಳನ್ನು ಸದ್ದಿಲ್ಲದೆ ಕೈಬಿಡುತ್ತಾರೆ. ಇದರಲ್ಲಿ ಬದ್ಧತೆಯ ಕೊರತೆ ನನಗಂತೂ ಕಾಣುವುದಿಲ್ಲ.

ವಯಸ್ಸಿನ ಬಗ್ಗೆಯೂ ಅವಳಿಗೆ ಆತಂಕವಿತ್ತು, ಮೂವತ್ತೆರಡಕ್ಕೇ! ಅಮೆರಿಕದಲ್ಲಿ ಅತಿವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರ ಸರಾಸರಿ ವಯಸ್ಸು ಆರಂಭದ ಹೊತ್ತಿಗೆ 45 ಎಂದು ಹೇಳಿದಾಗ ನಕ್ಕಳು.

ಆಮೇಲೆ ಕೇಳಿದ್ದು ಕಷ್ಟದ ಪ್ರಶ್ನೆ. ಹಿಡಿದದ್ದನ್ನು ಬಿಡಬಾರದು ಎನ್ನುತ್ತಾರೆ, ಸೋತದ್ದನ್ನು ಬೇಗ ಬಿಡಬೇಕು ಎಂದೂ ಹೇಳುತ್ತಾರೆ, ಯಾವುದು ಸರಿ? ಜೇಮ್ಸ್ ಡೈಸನ್ ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ 1979ರಿಂದ 1984ರವರೆಗೆ 5,127 ಮಾದರಿಗಳನ್ನು ಮಾಡಿದರು. ಎಲ್ಲರೂ ಈ ಸಂಖ್ಯೆಯನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅವರ ವಿಧಾನದ ಬಗ್ಗೆ ಮಾತನಾಡುವವರು ಕಡಿಮೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಅದರಿಂದ ಏನಾಯಿತೆಂದು ಅಳೆದು, ಮುಂದಿನದಕ್ಕೆ ಹೋಗುವುದು ಅವರ ಪದ್ಧತಿಯಾಗಿತ್ತು. ಐದು ಸಾವಿರ ಸಲವೂ ಅವರು ಯಂತ್ರ ಹೇಳಿದ್ದನ್ನು ಕೇಳಿಸಿಕೊಂಡಿದ್ದಾರೆ. ಇನ್ನೊಂದು ಕಡೆ ಸ್ಟುವರ್ಟ್ ಬಟರ್‌ಫೀಲ್ಡ್ ಇದ್ದಾರೆ. ಗ್ಲಿಚ್ ಎಂಬ ಆನ್‌ಲೈನ್ ಆಟ ನಡೆಯುವುದಿಲ್ಲವೆಂದು ಖಚಿತವಾದಾಗ, ಕಂಪನಿಯಲ್ಲಿ ಹಣ ಉಳಿದಿರುವಾಗಲೇ 2012ರಲ್ಲಿ ಅದನ್ನು ಮುಚ್ಚಿದರು. ತಂಡದವರು ತಮ್ಮತಮ್ಮಲ್ಲಿ ಮಾತನಾಡಲು ಮಾಡಿಕೊಂಡಿದ್ದ ಸಾಧನವೇ ಮುಂದೆ ಸ್ಲ್ಯಾಕ್ ಎಂಬ ಕಚೇರಿ ಸಂದೇಶಗಳ ಆ್ಯಪ್ ಆಯಿತು. ಒಬ್ಬರು ಹಿಡಿದುಕೊಂಡರು, ಇನ್ನೊಬ್ಬರು ಬಿಟ್ಟರು. ಆದರೆ ಎದುರಿಗಿದ್ದ ಸತ್ಯವನ್ನು ನೋಡುವ ಕಣ್ಣು ಇಬ್ಬರಲ್ಲೂ ಒಂದೇ ಎಂದು ನನಗೆ ತೋರುತ್ತದೆ. ಡೈಸನ್‌ಗೆ ಪ್ರತಿ ಮಾದರಿಯೂ ಏನಾದರೂ ಕಲಿಸುತ್ತಿತ್ತು, ಬಟರ್‌ಫೀಲ್ಡ್‌ಗೆ ಆಟ ಕಲಿಸುವುದನ್ನು ನಿಲ್ಲಿಸಿತ್ತು.

ಕೆಟ್ಟ ಸುದ್ದಿಯನ್ನು ಕೇಳಿಸಿಕೊಳ್ಳುವ ಈ ಗುಣ ಅಪರೂಪದ್ದು. 1988ರಲ್ಲಿ ಆರ್ನಾಲ್ಡ್ ಕೂಪರ್ ಮತ್ತು ಸಂಗಡಿಗರು 2,994 ಉದ್ಯಮಿಗಳ ಉತ್ತರಗಳನ್ನು ಪ್ರಕಟಿಸಿದರು. ತಮ್ಮ ಯಶಸ್ಸಿನ ಸಾಧ್ಯತೆ ಹತ್ತರಲ್ಲಿ ಏಳಕ್ಕೆ ಕಡಿಮೆಯಿಲ್ಲ ಎಂದವರು ಶೇಕಡ 81, ಹತ್ತಕ್ಕೆ ಹತ್ತು ಎಂದವರು ಶೇಕಡ 33. ತಮ್ಮಂಥದೇ ಇತರ ಉದ್ಯಮಗಳ ಬಗ್ಗೆ ಕೇಳಿದಾಗ ಅವರಿಗೆ ಅಷ್ಟು ಭರವಸೆ ಇರಲಿಲ್ಲ. ಆಶಾವಾದವಿಲ್ಲದೆ ಯಾರೂ ಹೊರಡುವುದಿಲ್ಲ, ಒಪ್ಪುತ್ತೇನೆ. ಆದರೆ ವೇದಿಕೆಯ ಮೇಲೆ ಸಿಗುವವರು ಗೆದ್ದವರು ಮಾತ್ರ. ಅದೇ ಎದೆಗಾರಿಕೆಯಿಂದ ಎಲ್ಲವನ್ನೂ ಪಣಕ್ಕಿಟ್ಟು ಮುಳುಗಿದವರನ್ನು ಭಾಷಣಕ್ಕೆ ಯಾರು ಕರೆಯುತ್ತಾರೆ?

ಡೈಸನ್ ಬಗ್ಗೆ ಇನ್ನೊಂದು ಮಾತನ್ನೂ ಹೇಳಿದೆ. ಆ ವರ್ಷಗಳಲ್ಲಿ ಮನೆ ನಡೆಯಲು ನೆರವಾದದ್ದು ಚಿತ್ರಕಲಾ ಶಿಕ್ಷಕಿಯಾಗಿದ್ದ ಅವರ ಹೆಂಡತಿ ಡೇರ್ಡ್ರಾ ಅವರ ಸಂಬಳ. ಎಷ್ಟು ಕಳೆದುಕೊಳ್ಳಬಲ್ಲೆ ಎಂದು ಕೇಳಿಕೊಳ್ಳುವಾಗ, ಕಳೆದುಕೊಳ್ಳುವವರಲ್ಲಿ ಇನ್ನು ಯಾರು ಯಾರಿದ್ದಾರೆ ಎಂಬುದೂ ಆ ಲೆಕ್ಕಕ್ಕೇ ಸೇರುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ಅಮ್ಮನ ಹತ್ತಿರ ಕುಳಿತು ಮಾತನಾಡುತ್ತೇನೆ" ಎಂದಳು.

ಹೊಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೊಂಡಾ ಅವರ ವಿಷಯವನ್ನು ಕೊನೆಗೆ ಉಳಿಸಿಕೊಂಡಿದ್ದೆ, ಏಕೆಂದರೆ ಅದು ಅವಳಿಗೆ ನೇರವಾಗಿ ಬೇಕಾದದ್ದು. ಹೊಂಡಾ ಯಂತ್ರಗಳ ಮನುಷ್ಯ. ಹಣಕಾಸು, ಮಾರಾಟ ತಮ್ಮ ಕ್ಷೇತ್ರವಲ್ಲ ಎಂದು ತಿಳಿದಿದ್ದ ಅವರು 1949ರಲ್ಲಿ ಬಂದು ಸೇರಿದ ತಕೆಯೊ ಫುಜಿಸಾವಾ ಅವರಿಗೆ ಅದನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. 1973ರಲ್ಲಿ ಇಬ್ಬರೂ ಒಟ್ಟಿಗೇ ನಿವೃತ್ತರಾದರು. ತನಗೆ ಬಾರದ್ದನ್ನು ಒಪ್ಪಿಕೊಂಡು, ಅದು ಬಲ್ಲವರನ್ನು ನಂಬಿ ಇಷ್ಟು ವರ್ಷ ಜೊತೆಗೆ ನಡೆಯುವುದು ಸಾಮಾನ್ಯ ಸಂಗತಿಯಲ್ಲ. ನನ್ನ ದೃಷ್ಟಿಯಲ್ಲಿ ಅದು ಧುಮುಕುವುದಕ್ಕಿಂತ ದೊಡ್ಡ ಧೈರ್ಯ. ಲೆಕ್ಕಪತ್ರ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರೆ, ಅದರ ಬಗ್ಗೆ ಗೆಳತಿಯೂ ತಾನೂ ಇನ್ನೂ ಮಾತನ್ನೇ ಎತ್ತಿಲ್ಲ ಎಂದಳು. ಮುಂದಿನ ಭಾನುವಾರ ಇಬ್ಬರೂ ಬನ್ನಿ, ಮೊದಲು ಅದನ್ನೇ ಮಾತನಾಡೋಣ ಎಂದು ಹೇಳಿದ್ದೇನೆ.