ಆಟಿಯ ಮಳೆ ಮತ್ತು ಅಜ್ಜಿಯ ಪ್ರೆಷರ್ ಮಾತ್ರೆ

ಮನೆಯ ಹಿರಿಯರ ಪ್ರೆಷರ್ ಇಳಿಯುತ್ತಿಲ್ಲವೇ? ಡಾಕ್ಟರಲ್ಲಿ ಮದ್ದು ಹೆಚ್ಚು ಮಾಡಿಸುವ ಮೊದಲು ಸ್ಟ್ರಿಪ್ ಎಣಿಸಿ. ದಿನಕ್ಕೊಂದರಂತೆ 30 ಮಾತ್ರೆ ತಂದು 20 ದಿನವಾಗಿದ್ದರೆ 10 ಉಳಿದಿರಬೇಕು. 16 ಇದ್ದರೆ ಆರು ದಿನ ತಪ್ಪಿದೆ. ಬರೀ 6 ಇದ್ದರೆ ನಾಲ್ಕು ಹೆಚ್ಚು ಹೋಗಿದೆ. ಗದರಬೇಡಿ, ಗದರಿದರೆ ಮುಂದಿನ ತಿಂಗಳು ಲೆಕ್ಕ ಮಾತ್ರ ಸರಿಯಾಗಿರುತ್ತದೆ.

ಹೆಚ್ಚು ಹೋಗುವುದಕ್ಕೆ ಸಾಮಾನ್ಯ ಕಾರಣ ಕಂಪೆನಿ ಬದಲಾಗುವುದು. ಮೆಡಿಕಲ್‌ನವರು ಬೇರೆ ಹೆಸರಿನದ್ದು ಕೊಟ್ಟಾಗ ಹಳೆಯದೂ ಹೊಸದೂ ಒಟ್ಟಿಗೆ ಹೊಟ್ಟೆಗೆ ಹೋಗುತ್ತವೆ. ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಿ: ಎರಡರಲ್ಲೂ ಅಮ್ಲೋಡಿಪಿನ್ 5 ಮಿಲಿಗ್ರಾಂ ಎಂದಷ್ಟೇ ಇದ್ದರೆ ಅದು ಒಂದೇ ಮದ್ದು.

ವಾರದ ಮಾತ್ರೆ ಡಬ್ಬಿ ಒಳ್ಳೆಯದೇ. ಆದರೆ ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಟೆಲ್ಮಿಸಾರ್ಟಾನನ್ನು ಬಿಡಿಸಿ ಅದರಲ್ಲಿ ಹಾಕಿಡಬೇಡಿ. ಅದು ಗಾಳಿಯ ತೇವ ಹೀರುವ ಮಾತ್ರೆ, ಹೊರಗಿಟ್ಟ ಹಪ್ಪಳದಂತೆ ಮೆತ್ತಗಾಗುತ್ತದೆ. ನುಂಗುವ ಹೊತ್ತಿಗೇ ಬಿಡಿಸಬೇಕು. ಕತ್ತರಿಯಲ್ಲಿ ಸ್ಟ್ರಿಪ್ ತುಂಡು ಮಾಡಿ ಡಬ್ಬಿಗೆ ಹಾಕುವುದೂ ಬೇಡ. ಕಣ್ಣು ಮಂಜಾದವರು ಹಾಳೆಯ ಸಮೇತ ನುಂಗಿ ಅನ್ನನಾಳ ಗೀರಿಸಿಕೊಳ್ಳುವುದುಂಟು. ಸ್ಟ್ರಿಪ್ಪಿನ ಹಿಂದೆ ಪ್ರತಿ ಮಾತ್ರೆಗೂ ಪೆನ್ನಿನಲ್ಲಿ ತಾರೀಕು ಬರೆದುಬಿಡಿ, ಸಾಕು.

ಮರೆವಿಗಿಂತ ಬೇಕೆಂದೇ ಬಿಡುವುದನ್ನು ಕಂಡುಹಿಡಿಯುವುದು ಕಷ್ಟ. ಅಮ್ಲೋಡಿಪಿನ್‌ನಿಂದ ಪಾದದ ಗಂಟು ಊದುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಮದುವೆಗೆ ಬಸ್ಸು ಹತ್ತುವ ದಿನ ಮೂತ್ರಕ್ಕೆ ಹೋಗಿಸುವ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. "ತಕೊಂಡಿರಾ?" ಎಂದರೆ ಹೌದೆನ್ನುತ್ತಾರೆ. "ಈ ಮಾತ್ರೆಯಿಂದ ಏನು ಉಪದ್ರ ಆಗ್ತದೆ?" ಎಂದು ಕೇಳಿ, ಆಗ ನಿಜ ಹೊರಬರುತ್ತದೆ. ಡಾಕ್ಟರಿಗೆ ಹೇಳಿದರೆ ಮದ್ದನ್ನೋ ಹೊತ್ತನ್ನೋ ಬದಲಿಸಿಕೊಡುತ್ತಾರೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯ ದಿನವೂ ಪ್ರೆಷರ್ ಮಾತ್ರೆ ತಪ್ಪುತ್ತದೆ, ಅದೇ ದಿನ ಪ್ರೆಷರನ್ನೂ ನೋಡುತ್ತಾರೆ! ಸಾಮಾನ್ಯವಾಗಿ ಬರೀ ನೀರಿನಲ್ಲಿ ನುಂಗಬಹುದು, ಮೊದಲೇ ಕೇಳಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆಯ ಲೆಕ್ಕ ಬೇರೆ.

ಬೆಳಿಗ್ಗೆ ಮರೆತದ್ದು ಮಧ್ಯಾಹ್ನ ನೆನಪಾದರೆ ಆಗಲೇ ಕೊಡಿ. ಮರುದಿನ ನೆನಪಾದರೆ ಹೋದದ್ದು ಹೋಯಿತು, ಎರಡು ಕೊಡಬೇಡಿ.

ನಿಂತಾಗ ತಲೆ ತಿರುಗುತ್ತದೆ ಎಂದರೆ ಅದನ್ನು ಹಗುರವಾಗಿ ಕಾಣಬೇಡಿ. ಕುಳಿತಲ್ಲೊಮ್ಮೆ, ಎದ್ದು ಒಂದು ನಿಮಿಷವಾದ ಮೇಲೊಮ್ಮೆ ಪ್ರೆಷರ್ ನೋಡಿ, ಎರಡನ್ನೂ ಬರೆದು ಡಾಕ್ಟರಿಗೆ ತೋರಿಸಿ. ನೀವಾಗಿ ನಿಲ್ಲಿಸಬೇಡಿ. ಅದರಲ್ಲೂ ಕ್ಲೋನಿಡಿನ್, ಅಟೆನೊಲಾಲ್, ಮೆಟೊಪ್ರೊಲಾಲ್ ಥಟ್ಟನೆ ನಿಂತರೆ ಪ್ರೆಷರ್, ಎದೆಬಡಿತ ಒಮ್ಮೆಲೇ ಏರಬಹುದು. ಇವು ಮನೆಯಲ್ಲಿದ್ದರೆ ಜಡಿಮಳೆಯ ತಿಂಗಳುಗಳಲ್ಲಿ ಒಂದು ವಾರದ್ದು ಹೆಚ್ಚಿಗೆ ತಂದಿಡಿ.