ಸ್ಟೀಲ್‌ಹೆಡ್ ನೋಡೋಕೆ ನಾರ್ತ್ ಅಂಪ್ಕ್ವಾಗೆ ಹೋಗ್ತೀರಾ? ಮೊದಲು ಹೊಳೆಯ ಸ್ಥಿತಿ ನೋಡಿ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಡೆ ಇರುವ ನಮ್ಮವರು ಬೇಸಿಗೆಯಲ್ಲಿ ಒಮ್ಮೆಯಾದರೂ ಕ್ರೇಟರ್ ಲೇಕ್‌ಗೆ ಹೋಗಿಯೇ ಹೋಗುತ್ತಾರೆ. ರೋಸ್‌ಬರ್ಗ್‌ನಿಂದ ಹೈವೇ 138 ಹಿಡಿದರೆ ದಾರಿಯುದ್ದಕ್ಕೂ ಪಕ್ಕದಲ್ಲೇ ನಾರ್ತ್ ಅಂಪ್ಕ್ವಾ ನದಿ. ನಾವೂ ಎರಡು ಸಲ ಸುಮ್ನೆ ಫೋಟೋ ತೆಗೆದು ಮುಂದೆ ಹೋಗಿದ್ದೆವು. ಈ ಸಲ ಕೊಪ್ಪದಿಂದ ಅಪ್ಪಾಜಿ ಬಂದಿದ್ದರು. ಹೊಳೆ, ಮೀನು ಅಂದ್ರೆ ಅವರಿಗೆ ಪ್ರಾಣ. ಹಾಗಾಗಿ ಜುಲೈ ಕೊನೆಯಲ್ಲಿ ಸ್ಟೀಲ್‌ಹೆಡ್ ನೋಡೋಕೆ ಅಂತಲೇ ಎರಡು ದಿನ ಇಟ್ಟುಕೊಂಡು ಹೋದೆವು.

ಸ್ಟೀಲ್‌ಹೆಡ್ ಬೇರೆ ಜಾತಿಯಲ್ಲ, ರೇನ್‌ಬೋ ಟ್ರೌಟ್ ಮೀನೇ. ಹೊಳೆಯಲ್ಲೇ ಉಳಿದದ್ದು ರೇನ್‌ಬೋ. ಸಮುದ್ರಕ್ಕೆ ಹೋಗಿ, ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ವಾಪಸ್ ಬರುವುದು ಸ್ಟೀಲ್‌ಹೆಡ್. ಬೇಸಿಗೆಯಲ್ಲಿ ಬರುವ ಗುಂಪು ಮೊಟ್ಟೆಯಿಡಲು ಚಳಿಗಾಲದವರೆಗೆ ಕಾಯಬೇಕು. ಅಲ್ಲಿಯ ತನಕ ತಿಂಗಳುಗಟ್ಟಲೆ ತಣ್ಣನೆಯ ಮಡುವಿನಲ್ಲಿ ಬಿದ್ದಿರುತ್ತವೆ, ಹೆಚ್ಚುಕಡಿಮೆ ಉಪವಾಸ.

ಹೊರಡುವ ಮುಂಚೆ ಎರಡು ಲೆಕ್ಕ ನೋಡಿಕೊಳ್ಳಿ. ಒಂದು, ಯುಎಸ್‌ಜಿಎಸ್‌ನವರು (ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ) ವಿಂಚೆಸ್ಟರ್‌ನಲ್ಲಿ ಇಟ್ಟಿರುವ ಮಾಪಕದ ಹರಿವು. ನಮ್ಮ ಕೆಆರ್‌ಎಸ್ ಸುದ್ದಿಯಲ್ಲಿ ಬರುವ ಕ್ಯೂಸೆಕ್ ಇದೆಯಲ್ಲ, ಅದೇ ಲೆಕ್ಕ. ಇನ್ನೊಂದು, ಅಲ್ಲೇ ವಿಂಚೆಸ್ಟರ್ ಅಣೆಕಟ್ಟಿನಲ್ಲಿ ಮೀನು ಹತ್ತಿ ದಾಟಲು ಕಟ್ಟಿರುವ ಮೆಟ್ಟಿಲಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ಮಾಡುವ ಎಣಿಕೆ. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 20 ಸೆಲ್ಸಿಯಸ್ ದಾಟಿತು ಅಂದರೆ ಈ ಮೀನುಗಳಿಗೆ ಕಷ್ಟ ಶುರು. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಓಡಿಸಿದರೆ ಸುಸ್ತಾಗಿ ಸಾಯುತ್ತವೆ. 2021ರಲ್ಲಿ ಬೇಸಿಗೆಯ ಮೀನು ತೀರಾ ಕಡಿಮೆ ಬಂದಿದ್ದರಿಂದ ಇಲ್ಲಿ ಗಾಳ ಹಾಕುವುದನ್ನೇ ನಿಲ್ಲಿಸಿದ್ದರು. ಗಾಳ ತರುವವರು ಆ ದಿನದ ನಿಯಮ ನೋಡಿಯೇ ಹೊರಡಿ.

ಮೊದಲ ದಿನ ಗ್ಲೈಡ್ ಅನ್ನೋ ಊರು ದಾಟಿ ಸ್ವಿಫ್ಟ್‌ವಾಟರ್ ಪಾರ್ಕಿನಲ್ಲಿ ಕಾರು ನಿಲ್ಲಿಸಿದೆವು. ಅಲ್ಲಿಂದ ಡೆಡ್‌ಲೈನ್ ಫಾಲ್ಸ್‌ಗೆ ಪುಟ್ಟ ನಡಿಗೆ, ವಯಸ್ಸಾದವರಿಗೂ ಆರಾಮ. ದಾರಿ ಬಿಟ್ಟು ಗಿಡದೊಳಗೆ ಮಾತ್ರ ಹೋಗಬೇಡಿ, ಪಾಯ್ಸನ್ ಓಕ್ ಇದೆ, ಮೈಯೆಲ್ಲ ತುರಿಕೆ. ನಲವತ್ತು ನಿಮಿಷ ಕೂತಮೇಲೆ ಒಂದು ಮೀನು ನೊರೆಯಿಂದ ಚಿಮ್ಮಿ, ಬಂಡೆಗೆ ಬಡಿದು, ಅದೇ ನೊರೆಗೆ ಬಿತ್ತು. ಅಪ್ಪಾಜಿ "ಅಯ್ಯೋ" ಅಂತ ಎದ್ದೇ ನಿಂತರು. ಎರಡು ನಿಮಿಷ ಬಿಟ್ಟು ಅದೇ ಮೀನೋ, ಬೇರೆಯದೋ, ಸೀದಾ ಮೇಲೆ ಹತ್ತಿತು.

ಮರುದಿನ ಇದೇ ನದಿಗೆ ಸೇರುವ ಸ್ಟೀಮ್‌ಬೋಟ್ ಕ್ರೀಕ್ ಅನ್ನೋ ಹಳ್ಳದ ಪಕ್ಕದ ರಸ್ತೆಯಲ್ಲಿ ಬಿಗ್ ಬೆಂಡ್ ಮಡುವಿಗೆ ಹೋದೆವು. ಪ್ರವಾಸದ ಜೀವಾಳವೇ ಇದು. ಬೇಸಿಗೆಯಲ್ಲಿ ಸ್ಟೀಮ್‌ಬೋಟ್ ಹಳ್ಳದ ನೀರು ಕಾಯುತ್ತದೆ, ಆದರೆ ಬಿಗ್ ಬೆಂಡ್ ಕ್ರೀಕ್ ಅನ್ನೋ ಸಣ್ಣ ತೊರೆ ತಣ್ಣೀರು ತಂದು ಈ ಮಡುವಿಗೆ ಸುರಿಯುತ್ತದೆ, ಅದಕ್ಕೇ ನೂರಾರು ಮೀನು ಇಲ್ಲೇ ಒತ್ತೊತ್ತಾಗಿ ನಿಲ್ಲುತ್ತವೆ. ಹೀಗೆ ಒಂದೇ ಕಡೆ ಸಿಗುತ್ತವೆ ಅಂತ ಹಿಂದೆ ಕಳ್ಳರು ಡೈನಮೈಟ್ ಸಿಡಿಸಿ ಹಿಡಿಯುತ್ತಿದ್ದರು. ಲೀ ಸ್ಪೆನ್ಸರ್ ಅನ್ನುವವರು ತಮ್ಮ ನಾಯಿಯ ಜೊತೆ ವರ್ಷಗಟ್ಟಲೆ ಇಲ್ಲಿ ಕೂತು ಕಾವಲು ಕಾದರು. ಮೀನಿನ ಸಂಖ್ಯೆ, ನೀರಿನ ಉಷ್ಣತೆ, ನೀರುನಾಯಿ ಬಂದದ್ದು, ಎಲ್ಲ ಬರೆದಿಡುತ್ತಿದ್ದರು. ತಾವು ಹೊಳೆಯಲ್ಲಿ ಗಾಳ ಹಾಕುವಾಗಲೂ ಕೊಕ್ಕೆಯ ಮೊನೆ ಕತ್ತರಿಸಿಯೇ ಹಾಕುತ್ತಿದ್ದರಂತೆ. ಶಿಶಿಲದಲ್ಲಿ ವಿಷ ಹಾಕಿ ದೇವರ ಮೀನು ಕೊಂದದ್ದು ಅಪ್ಪಾಜಿಗೆ ನೆನಪಾಯಿತು. ತುಂಬಾ ಹೊತ್ತು ಮಾತಾಡಲಿಲ್ಲ.

ನಾವು ಹೋದಾಗ ನಡುಮಧ್ಯಾಹ್ನ, ನೀರ ಮೇಲೆ ಬರೀ ಬಿಸಿಲಿನ ಹೊಳಪು. ಏನೂ ಕಾಣಲಿಲ್ಲ. ಪೋಲರಾಯ್ಡ್ ಕನ್ನಡಕ ಹಾಕಿದ ಮೇಲೆ ತಳದ ಕಲ್ಲು ಕಂಡವು. ಆಮೇಲೆ ಒಂದು "ಕಲ್ಲು" ಬಾಲ ಅಲ್ಲಾಡಿಸಿತು. ಹತ್ತಿರದ್ದು ಬಾಯಿ ತೆರೆದಾಗ ಒಳಗಿನ ಬಿಳುಪು ಒಂದು ಕ್ಷಣ ಹೊಳೆದು ಮಾಯವಾಯಿತು. ನಾನು ಎಣಿಸಿದ್ದು 52, ಹೆಂಡತಿ 61, ಅಪ್ಪಾಜಿ "ನೂರಕ್ಕೆ ಕಮ್ಮಿ ಇಲ್ಲ". ಒಂದರ ಅಡಿಯಲ್ಲಿ ಒಂದು ನುಸುಳುತ್ತಿದ್ದರೆ ಎಣಿಸೋದು ಹೇಗೆ, ಹೇಳಿ? ನೀವು ಬೆಳಿಗ್ಗೆಯೇ ಹೋಗಿ, ಕನ್ನಡಕ ಮರೆಯಬೇಡಿ, ಒಂದು ಗಂಟೆಯಾದರೂ ಕೂರಿ.

"ಶೃಂಗೇರಿ ತರ ಒಂದು ಹಿಡಿ ಮಂಡಕ್ಕಿ ಹಾಕಬಹುದಿತ್ತು ಅಲ್ವಾ" ಅಂದರು ಅಪ್ಪಾಜಿ. ದಯವಿಟ್ಟು ಏನನ್ನೂ ಹಾಕಬೇಡಿ. ಕಲ್ಲು ಎಸೆಯಬೇಡಿ, ಮಕ್ಕಳನ್ನು ನೀರಿಗಿಳಿಸಬೇಡಿ. ಮೀನು ಬೆದರಿ ಓಡಿದರೆ ಖರ್ಚಾಗುವುದು ಮೊಟ್ಟೆಗೆ ಅಂತ ಉಳಿಸಿಟ್ಟ ಶಕ್ತಿ. ಈ ಹಳ್ಳದಲ್ಲಿ ಗಾಳ ಹಾಕುವುದು 1932ರಿಂದಲೇ ನಿಷಿದ್ಧ.

ಪೆಟ್ರೋಲ್ ರೋಸ್‌ಬರ್ಗ್‌ನಲ್ಲೇ ತುಂಬಿಸಿ, ಊಟ ಕಟ್ಟಿಕೊಳ್ಳಿ, ಮುಂದೆ ಫೋನ್ ಸಿಗ್ನಲ್ ನಂಬಬೇಡಿ. 2020ರ ಆರ್ಚಿ ಕ್ರೀಕ್ ಬೆಂಕಿಯಲ್ಲಿ ಇಲ್ಲಿ 1.3 ಲಕ್ಷ ಎಕರೆ ಸುಟ್ಟಿತ್ತು. ಹೊರಡುವ ಹಿಂದಿನ ದಿನ ಹೊಗೆ, ರಸ್ತೆ ಎರಡನ್ನೂ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಸೆಪ್ಟೆಂಬರ್ ಆಮೇಲೆ ಹೋಗುವ ಯೋಚನೆ ಇದ್ದರೆ ಮಳೆಯ ಮೇಲೆ ಕಣ್ಣಿಡಿ. ಮೊದಲ ಜೋರು ಮಳೆಗೆ ಹಳ್ಳ ಏರಿತು ಅಂದರೆ ಮೀನುಗಳು ಮಡು ಬಿಟ್ಟು ಮೇಲಕ್ಕೆ ಹೊರಟುಬಿಡುತ್ತವೆ.